ಅತ್ತೆಯವರ ಕ್ಯಾಸೆಟ್ಟಿನ ವೇಗ

ನಮ್ಮತ್ತೆಯವರ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಬಂದಿದೆ ಎಂದು ಅವರು ಒಪ್ಪಿಕೊಂಡು ಎರಡು ವಾರವಾಗಿತ್ತು. ಒಪ್ಪಿಕೊಂಡದ್ದೂ ತಾವಾಗಿ ಅಲ್ಲ. ಒಂದು ಬೆಳಿಗ್ಗೆ ದೇವರ ಮನೆಯಲ್ಲಿ ಗೀರಿದ ಕಡ್ಡಿಯನ್ನು ಬತ್ತಿಗೆ ಹಿಡಿಯುವ ಬದಲು ತಮ್ಮ ಸೆರಗಿನ ಅಂಚಿಗೆ ಹಿಡಿದರು. ನಾನು ಪಕ್ಕದಲ್ಲೇ ಹೂವು ಬಿಡಿಸುತ್ತ ಕೂತಿದ್ದೆ. ತಂಬಿಗೆಯ ನೀರನ್ನು ಎತ್ತಿ ಸುರಿದೆ. ಅಂಗೈಯಗಲ ಸೀರೆ ಸುಟ್ಟಿತು, ಅಷ್ಟೆ. ತಂಬಿಗೆ ಕೈಗೆಟುಕುವಲ್ಲಿ ಇದ್ದದ್ದು ದೇವರ ದಯೆ. ಅತ್ತೆಯವರು ಮಾತ್ರ ಒದ್ದೆ ಸೀರೆಯಲ್ಲಿ ನಿಂತುಕೊಂಡು, "ಅಭಿಷೇಕ ದೇವ್ರಿಗ್ ಮಾಡ್ಬೇಕು ಕಣೇ, ನಂಗಲ್ಲ" ಎಂದರು.

ಮಾರನೆಯ ದಿನವೇ ತಿಪಟೂರಿಗೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರು ಲೈಟು ಬಿಟ್ಟು ನೋಡಿ, ಇನ್ನೂ ತಡ ಮಾಡಿದರೆ ಪೊರೆ ಗಟ್ಟಿಯಾಗುತ್ತದೆ, ಆಮೇಲೆ ತೆಗೆಯುವುದು ಕಷ್ಟ ಎಂದರು. ಎರಡು ವಾರ ಬಿಟ್ಟು ಬರುವ ಗುರುವಾರಕ್ಕೆ ದಿನ ಕೊಟ್ಟರು. ಆಪರೇಷನ್ ಆದ ಮೇಲೆ ಕೆಲವು ದಿನ ಬಗ್ಗುವಂತಿಲ್ಲ, ತಲೆಗೆ ನೀರು ಹಾಕುವಂತಿಲ್ಲ, ದೀಪದ ಹೊಗೆ ಊದುಬತ್ತಿಯ ಹೊಗೆ ತಾಗುವಂತಿಲ್ಲ. ಇಷ್ಟನ್ನೂ ಅತ್ತೆಯವರು ತಲೆಯಾಡಿಸುತ್ತಾ ಕೇಳಿದರು. ಬಸ್ಸಿನಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿದರು.

"ಅಷ್ಟು ದಿನ ಪೂಜೆ ಯಾರು ಮಾಡೋರು?"

"ನಾನು ಮಾಡ್ತೀನಿ ಬುಡಿ ಅತ್ತೆ."

"ಅದೇ ಕಣೇ ನಂಗೆ ಭಯ."

ಅವರ ಭಯ ಸುಳ್ಳಲ್ಲ. ನಾನು ದೇವರಿಗೆ ನಡೆದುಕೊಳ್ಳುವವಳೇ, ಆದರೆ ನನ್ನ ಪೂಜೆ ಚಿಕ್ಕದು. ದೀಪ ಹಚ್ಚಿ, ಹೂವಿಟ್ಟು, ಕೈಮುಗಿದು, ಹಾಲು ಉಕ್ಕುವುದರೊಳಗೆ ಒಲೆಯ ಮುಂದೆ ಇರುತ್ತೇನೆ. ದೇವರು ಇದುವರೆಗೆ ಏನೂ ಅಂದಿಲ್ಲ. ಅತ್ತೆಯವರು ಅಂದಿದ್ದಾರೆ.

ಅವರ ಪೂಜೆಗೆ ಒಂದು ಕ್ಯಾಸೆಟ್ಟೇ ಗಡಿಯಾರ. ಮೂವತ್ತು ವರ್ಷದ ಹಿಂದೆ ನಾನು ಅರಳಗುಪ್ಪೆಯಿಂದ ಹಾಲ್ಕುರಿಕೆಯ ಈ ಮನೆಗೆ ಸೊಸೆಯಾಗಿ ಬಂದಾಗಲೇ ಅದು ಮನೆಯಲ್ಲಿತ್ತು. ಹತ್ತು ಭಕ್ತಿಗೀತೆಗಳು, ಹಾಡಿದವರು ಒಬ್ಬ ಹೆಂಗಸು. ಬೆಳಿಗ್ಗೆ ಆರಕ್ಕೆ, ತೋಟದ ಮೋಟರುಗಳಿಗೆ ಕರೆಂಟು ಬಿಡುವ ಹೊತ್ತಿಗೆ ಸರಿಯಾಗಿ, ಅತ್ತೆಯವರು ಟೇಪ್‌ರೆಕಾರ್ಡರಿನ ಗುಂಡಿ ಒತ್ತುತ್ತಿದ್ದರು. ಒಂದನೆಯ ಹಾಡಿಗೆ ದೀಪ. ಎರಡಕ್ಕೆ ದೇವರನ್ನು ತೊಳೆದು ಒರೆಸುವುದು. ಮೂರು, ನಾಲ್ಕು, ಐದಕ್ಕೆ ಗಂಧ, ಕುಂಕುಮ, ಹೂವು. ಏಳನೆಯ ಹಾಡಿನ ಕೊನೆಯ ಸಾಲಿಗೆ ಕಾಯಿ ಒಡೆಯಬೇಕು, ಒಂಬತ್ತಕ್ಕೆ ಮಂಗಳಾರತಿ. ಹತ್ತನೆಯದಕ್ಕೆ ಕಣ್ಣುಮುಚ್ಚಿ ಕೂರಬೇಕು. ಹತ್ತು ಮುಗಿಯುವ ತನಕ ಈ ಮನೆಯಲ್ಲಿ ಯಾರಿಗೂ ಕಾಫಿಯಿಲ್ಲ. ಹಗಲು ಹೊತ್ತು ಆ ಕ್ಯಾಸೆಟ್ಟನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ಅದು ದೇವರ ಸಾಮಾನಿನ ಜೊತೆಗೇ ಇರುತ್ತಿತ್ತು.

ಅವರ ಲೆಕ್ಕಾಚಾರ ಹೀಗಿತ್ತು. ಆಪರೇಷನ್ ಆದ ಮೇಲೆ ತಾವು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು, ಕಪ್ಪು ಕನ್ನಡಕದೊಳಗೆ ಕಣ್ಣುಮುಚ್ಚಿಕೊಂಡು ಕೂರುವುದು. ಒಳಗೆ ಕ್ಯಾಸೆಟ್ಟು ಹಾಡುತ್ತಿರುತ್ತದೆ. ಸೊಸೆ ಯಾವ ಹಾಡಿಗೆ ಏನು ಮಾಡಿದಳು, ಏನು ಬಿಟ್ಟಳು ಎಂಬುದೆಲ್ಲ ಕೂತಲ್ಲಿಂದಲೇ ಗೊತ್ತಾಗುತ್ತದೆ. ಹಾಡು ನಡೆಯುತ್ತಿದ್ದರೆ ಸೊಸೆ ಒಲೆಯ ಕಡೆ ಓಡುವಂತಿಲ್ಲ.

ಇದಾದ ನಾಲ್ಕನೆಯ ದಿನವೇ ಆ ಕ್ಯಾಸೆಟ್ಟಿನ ರೀಲು ಒಳಗೆ ಸುತ್ತಿಕೊಂಡು ತುಂಡಾಯಿತು. ನಮ್ಮ ಯಜಮಾನರು ಗಮ್ ಟೇಪು ಅಂಟಿಸಿ ಕೂಡಿಸಿದರು, ಇನ್ನೆರಡು ಕಡೆ ಹರಿಯಿತು. ಟೇಪ್‌ರೆಕಾರ್ಡರಿನ ಬೆಲ್ಟೂ ಸೋತಿತ್ತು. ಅಂಥ ಬೆಲ್ಟು ಈಗ ಬರುವುದೇ ಇಲ್ಲ ಎಂದು ರಿಪೇರಿಯವನು ಕೈಚೆಲ್ಲಿದ.

ಅತ್ತೆಯವರು ತಮ್ಮ ತೀರ್ಮಾನ ಹೇಳಿದರು. "ಹಾಡು ಬಂದ್ರೆ ಕಣ್ಣು. ಇಲ್ದಿದ್ರೆ ಉಳ್ದಿರೋ ಒಂದ್ ಕಣ್ಣಲ್ಲೇ ದೇವ್ರನ್ನ ನೋಡ್ಕೊತೀನಿ. ಹಾಡಿಲ್ದೆ ಇವ್ಳ ಕೈಗೆ ಪೂಜೆ ಕೊಟ್ರೆ ಮೂರು ನಿಮಿಷಕ್ಕೆ ದೇವ್ರನ್ನ ಎದ್ದೇಳಿಸಿ ಕಳಿಸ್ಬುಡ್ತಾಳೆ."

ನಾನು ಆ ಸುಟ್ಟ ಸೆರಗನ್ನು ನೆನೆಸಿಕೊಂಡೆ. ದಿನಾ ತಂಬಿಗೆ ಪಕ್ಕದಲ್ಲೇ ಇರುತ್ತದೆ ಎಂದು ಹೇಗೆ ಹೇಳುವುದು. ತುರುವೇಕೆರೆಯಲ್ಲಿ ಟೀಚರಾಗಿರುವ ನಾದಿನಿಗೆ, ಎಂದರೆ ಅತ್ತೆಯವರ ಮಗಳಿಗೆ, ಫೋನು ಮಾಡಿದೆ. ಅವಳು ಎರಡು ದಿನ ಹುಡುಕಿ, ಅದೇ ಗಾಯಕಿಯ ಅದೇ ಹತ್ತು ಹಾಡು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿದೆ ಎಂದು ಪತ್ತೆ ಮಾಡಿ, ಕೊಂಡೇಬಿಟ್ಟಳು. "ಅಮ್ಮನ ಕಣ್ಣಿಗೆ ನನ್ನ ಕಡೆಯಿಂದ, ಅತ್ತಿಗೆ" ಎಂದಳು. ಫೋನಿನಲ್ಲೇ ಕೇಳಿಸಬಹುದಿತ್ತು. ಆದರೆ ಹಿಂದೊಂದು ಸಲ ಯಜಮಾನರ ಫೋನಿನಲ್ಲಿ ಸ್ತೋತ್ರ ಹಾಕಿದ್ದಾಗ ಮಂಗಳಾರತಿಯ ಮಧ್ಯೆ ಕೊಬ್ಬರಿ ವ್ಯಾಪಾರಿಯೊಬ್ಬನ ಕರೆ ಬಂದು, ಅವನು ದೇವರಿಗೇ ಹಲೋ ಅಂದಿದ್ದ. ಅಂದಿನಿಂದ ದೇವರ ಮನೆಗೆ ಫೋನಿಗೆ ಪ್ರವೇಶವಿಲ್ಲ. ಅದಕ್ಕಾಗಿ ಪೆನ್‌ಡ್ರೈವ್ ಹಾಕಿದರೆ ಹಾಡುವ, ಬ್ಯಾಟರಿಯಲ್ಲಿ ನಡೆಯುವ ಒಂದು ಪುಟ್ಟ ಸ್ಪೀಕರ್ ಡಬ್ಬಿಯನ್ನು ತಂದಿಟ್ಟಿದ್ದೆವು.

ಶನಿವಾರ ಮಧ್ಯಾಹ್ನ ನಾದಿನಿ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡು ಬಂದಳು. ಪೆನ್‌ಡ್ರೈವಿಗೆ ಹಾಡು ತುಂಬಿ ಡಬ್ಬಿಗೆ ಸಿಕ್ಕಿಸಿದಳು. ಡಬ್ಬಿಯ ದೀಪ ಮಿನುಗಿತು. ಅಷ್ಟು ಬಿಟ್ಟರೆ ಬೇರೇನೂ ಆಗಲಿಲ್ಲ.

ಯಜಮಾನರು ಪೆನ್‌ಡ್ರೈವನ್ನು ಕಿತ್ತು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು. ಅವರನ್ನು ಅನ್ನಬಾರದು, ಅವರ ಕೈಗೆ ಬಂದ ವಿದ್ಯೆ ಅದು. ನಮ್ಮ ಕಡೆ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದಷ್ಟು ಕಾಲ ಬಿಟ್ಟಿರುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿಯೇ ಹೇಳಬೇಕು.

"ಏನಂತದಣ್ಣ, ನೀರು ಇಂಗೈತಾ?" ಎಂದಳು ತಂಗಿ.

"ನಗಬೇಡ ಕಣಮ್ಮಿ. ಕಾಸು ಕೊಟ್ಟು ಕೊಂಡಿದ್ದು ಅಂತೀಯ. ಕೊಂಡಿದ್ದು ನಮ್ಮನೆ ಡಬ್ಬೀಲಿ ಯಾಕೆ ಹಾಡಲ್ಲ?"

ಡಬ್ಬಿಯ ಜೊತೆ ಬಂದಿದ್ದ ಚೀಟಿಯನ್ನು ಅವಳು ಓದಿದಳು. ಈ ಡಬ್ಬಿಗೆ ಎಂಪಿತ್ರೀ ಎಂಬ ಬಗೆಯ ಹಾಡು ಮಾತ್ರ ತಿಳಿಯುತ್ತದಂತೆ. ಅವಳು ಕೊಂಡದ್ದು ಇನ್ನೊಂದು ಬಗೆ, ಹೆಸರಿನ ಬಾಲದಲ್ಲಿ ಎಂಫೋರ್‌ಎ ಎಂದಿತ್ತು. ಹಾಡು ಅದೇ, ಕಟ್ಟಿಟ್ಟಿರುವ ಕ್ರಮ ಬೇರೆ.

"ಬಾಲ ತಾನೇ" ಎಂದು ಯಜಮಾನರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಒಂದೊಂದೇ ಬೆರಳಲ್ಲಿ ಕುಟ್ಟಿ, ಹತ್ತೂ ಹಾಡಿನ ಬಾಲ ಅಳಿಸಿ ಎಂಪಿತ್ರೀ ಎಂದು ಬರೆದರು. ಡಬ್ಬಿಗೆ ಹಾಕಿದರೆ ಅದು ಒಂದನ್ನೂ ಹಾಡದೆ ಹತ್ತನ್ನೂ ಒಂದೇ ಉಸಿರಿಗೆ ದಾಟಿ ಮತ್ತೆ ಮೊದಲಿಗೆ ಬಂದು ನಿಂತಿತು.

ನಾನು ಅಂದೆ, "ಎಳನೀರಿನ ಮೇಲೆ ಕೊಬ್ಬರಿ ಅಂತ ಬರ್ದು ಮಾರ್ಕೆಟ್ಟಿಗೆ ಕಳ್ಸಿದಂಗಾಯ್ತು ರೀ."

"ನಿಂದು ಬಾಯಿ ಜಾಸ್ತಿ ಆಯ್ತು" ಎಂದು ಅವರು ತೋಟದ ಕಡೆ ಹೊರಟರು. ಬಾಗಿಲಲ್ಲಿ ನಕ್ಕದ್ದು ಕಾಣಿಸಿತು.

ಭಾನುವಾರ ಬೆಳಿಗ್ಗೆ ನಾದಿನಿ ಬಾಲಗಳನ್ನು ಮೊದಲಿನಂತೆ ಮಾಡಿ, ಹಾಡನ್ನು ನಿಜವಾಗಿ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಯಿಸುವ ಪುಕ್ಕಟೆ ಪ್ರೋಗ್ರಾಮೊಂದನ್ನು ಇಳಿಸಿಕೊಂಡಳು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು.

"ನೀವೇ ಮಾಡಿ ಅತ್ತಿಗೆ. ನಾಳೆ ನಾನು ಬಸ್ಸು ಹತ್ತಿದ್ ಮೇಲೆ ಏನಾರ ಆದ್ರೆ ಯಾರನ್ನ ಕೇಳ್ತೀರ?"

"ನಂಗೆ ಬರಲ್ಲ ಕಣಮ್ಮ."

"ಹೋಳಿಗೆ ತಟ್ಟೋಕೆ ಬತ್ತದಲ್ಲ, ಅದಕ್ಕಿಂತ ಸುಲಭ."

ಹೋಳಿಗೆ ತಟ್ಟುವುದು ಸುಲಭ ಎಂದು ಅವಳಿಗೆ ಯಾರು ಹೇಳಿದರೋ. ಸೆರಗಿಗೆ ಕೈ ಒರೆಸಿಕೊಂಡು, ಮನಸ್ಸಿನಲ್ಲೇ ಗಣಪತಿಯನ್ನು ನೆನೆದು ಕೂತೆ. ಹಾಡನ್ನು ಎಳೆದು ಪ್ರೋಗ್ರಾಮಿನೊಳಗೆ ಬಿಡಬೇಕು. ಯಾವ ಬಗೆ ಬೇಕು ಎಂದು ಅದು ಕೇಳುತ್ತದೆ, ಎಂಪಿತ್ರೀ ಎಂದು ತೋರಿಸಬೇಕು. ಎಲ್ಲಿ ಇಡಲಿ ಎಂದು ಕೇಳುತ್ತದೆ, ಜಾಗ ತೋರಿಸಬೇಕು. ಆಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಹರಿಯುತ್ತದೆ, ಅದು ಮುಟ್ಟಿದರೆ ಆಯಿತು. ಮೂರನೆಯ ಹಾಡಿನ ಹೊತ್ತಿಗೆ ನನಗೆ ಹಿಡಿತ ಬಂತು. ಈ ವಯಸ್ಸಿಗೆ ಒಂದು ಹೊಸ ಕೆಲಸ ಕೈಗೆ ಹತ್ತಿಸಿದೆಯಲ್ಲಪ್ಪ ಎಂದು ದೇವರಿಗೆ ಒಂದು ನಮಸ್ಕಾರ ಹಾಕಿದೆ.

ಅತ್ತೆಯವರು ಹಿಂದೆ ಬಂದು ನಿಂತಿದ್ದರು.

"ದೇವ್ರ ಹಾಡು ಕಣೇ. ಅದೇನೋ ಬದ್ಲಾಯಿಸ್ತೀರಂತೆ. ಕೆಟ್ಟುಹೋದ್ರೆ?"

"ಅಟ್ಟದ ಮೇಲೆ ಕಾಯಿ ಕೊಬ್ಬರಿ ಆಗಲ್ವಾ ಅತ್ತೆ, ಹಂಗೇ. ಕಾಯಿ ಅದೇ."

"ಕೊಬ್ಬರಿನ ತಿರ್ಗಾ ಕಾಯಿ ಮಾಡೋಕಾಯ್ತದಾ?"

ಈ ಪ್ರಶ್ನೆಗೆ ನಾನು ನಾದಿನಿಯ ಮುಖ ನೋಡಿದೆ. ಅವಳು, "ಆಗಲ್ಲಮ್ಮ. ಬದ್ಲಾಯಿಸಿದಾಗ ಒಂಚೂರು ಕಳ್ಕೊಂತದೆ, ಅದು ವಾಪಸ್ ಬರಲ್ಲ. ಅದಕ್ಕೇ ಕೊಂಡಿರೋದನ್ನ ಹಂಗೇ ಮಡಗಿರ್ತೀವಿ. ಇದು ನಕಲು" ಎಂದಳು.

"ಕಾಯೂ ಇರ್ತದೆ, ಕೊಬ್ಬರಿನೂ ಆಯ್ತದೆ ಅನ್ನು. ನಿಮ್ಮಣ್ಣಂಗೆ ಹೇಳು, ಆ ಮಿಷನ್ನು ತೋಟಕ್ಕೂ ಒಂದು ತಂದುಕೊಳ್ಳಲಿ" ಎಂದು ಅತ್ತೆಯವರು ಹೊರಟುಹೋದರು.

ಮಧ್ಯಾಹ್ನದ ಹೊತ್ತಿಗೆ ಹತ್ತೂ ಹಾಡು ಸಿದ್ಧವಾದವು. ಡಬ್ಬಿ ಹಾಡಿತು. ಆ ಗಾಯಕಿಯ ದನಿ ಎಷ್ಟು ಶುಭ್ರವಾಗಿ ಬಂತೆಂದರೆ ಪಕ್ಕದಲ್ಲಿ ಬಾರಿಸುವ ತಾಳದ ಸದ್ದೂ ಕೇಳಿಸಿತು. ಕೇಳಿ ಎಂದು ಅತ್ತೆಯವರನ್ನು ಕರೆದರೆ, "ಹೊತ್ತಲ್ಲದ ಹೊತ್ತಲ್ಲಿ ದೇವ್ರನ್ನ ಎಬ್ಬಿಸ್ಬಾರ್ದು, ನಾಳೆ ಬೆಳಿಗ್ಗೆ ಪೂಜೇಲಿ ಕೇಳ್ತೀನಿ" ಎಂದು ತೋಟದ ಬದಿಗೆ ನಡೆದರು.

ಸೋಮವಾರ ಆರು ಗಂಟೆಗೆ ಡಬ್ಬಿಯ ಗುಂಡಿ ಒತ್ತಿದೆ. ಅತ್ತೆಯವರು ಪೂಜೆಗೆ ಕೂತರು. ಕಡ್ಡಿ ಗೀರುವ ಕೆಲಸ ಮಾತ್ರ ನಾನು ಕಿತ್ತುಕೊಂಡಿದ್ದೆ. ಎರಡನೆಯ ಹಾಡಿಗೆ ಅವರು ಒಂದು ಸಲ ಡಬ್ಬಿಯ ಕಡೆ ತಿರುಗಿದರು. ಐದನೆಯದು ಮುಗಿದರೂ ಕೈಯ ಹೂವು ಕೈಯಲ್ಲೇ ಉಳಿಯಿತು. ಏಳನೆಯದಕ್ಕೆ ಕಾಯಿಗೆ ಅರಿಶಿನ ಹಚ್ಚುವುದರೊಳಗೆ ಹಾಡು ಮುಗಿದು ಎಂಟು ಶುರುವಾಯಿತು. ಅತ್ತೆಯವರು ಕಾಯಿಯನ್ನು ಕೆಳಗಿಟ್ಟರು.

"ಇದು ಅವಳಲ್ಲ."

"ಅವರೇ ಅತ್ತೆ. ಹೆಸರೂ ಹಾಕವ್ರೆ, ಫೋಟೋನೂ ಐತೆ."

"ಅಲ್ಲ ಕಣೇ. ನಮ್ಮೋಳ ದನಿ ಗಂಭೀರ. ಇವಳ್ಯಾರೋ ಬಸ್ಸಿಗೆ ಹೊತ್ತಾದೋಳಂಗೆ ಹಾಡ್ತಾವ್ಳೆ." ಆಮೇಲೆ ಅವರ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು. "ಬೇಗ ಮುಗೀಲಿ ಅಂತ ನೀನೇ ಓಡ್ಸಿದೀಯ. ನೆನ್ನೆ ಅದ್ರ ಮುಂದೆ ಕೂತಿದ್ದೋಳು ನೀನೇ ತಾನೇ."

ಮೂವತ್ತು ವರ್ಷದಲ್ಲಿ ನನ್ನ ಮೇಲೆ ಏನೇನೋ ಅಪವಾದ ಬಂದಿದೆ, ಸಾರಿಗೆ ಉಪ್ಪು ಜಾಸ್ತಿ ಎಂದೂ, ತವರಿಗೆ ಹೋದರೆ ಬೇಗ ಬರುವುದಿಲ್ಲ ಎಂದೂ. ಹಾಡನ್ನು ಓಡಿಸಿದಳು ಎನ್ನುವುದು ಇದೇ ಮೊದಲು. ನಾದಿನಿ ಆಣೆ ಮಾಡಿ ಹೇಳಿದಳು. ಯಜಮಾನರು, ಮಾರಿದವರೇ ಮೋಸ ಮಾಡಿರಬಹುದು ಎಂದರು. ಅತ್ತೆಯವರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಡಾಕ್ಟ್ರಿಗೆ ಫೋನ್ ಮಾಡಿ ಹೇಳ್ಬುಡ್ರಿ. ಗುರುವಾರ ನಾನು ಬರಲ್ಲ."

ನಾನು ಅಡುಗೆ ಮನೆಗೆ ಹೋದೆ. ಅಳು ಬರುವ ಹಾಗಿತ್ತು, ನಗುವೂ ಬರುವ ಹಾಗಿತ್ತು. ಎರಡೂ ಬೇಡವೆಂದು ಚಟ್ನಿಗೆ ಕಾಯಿ ತುರಿದು ಮಿಕ್ಸಿಗೆ ಹಾಕಿದೆ. ಅಂದು ಲೈನಿನಲ್ಲಿ ಏನೋ ತೊಂದರೆಯಾಗಿ ಮೋಟರಿನ ಕರೆಂಟು ತಡವಾಗಿತ್ತು. ಮಿಕ್ಸಿ ಜೋರಾಗಿ ಕೂಗುತ್ತಿತ್ತು. ಅಷ್ಟರಲ್ಲಿ ಕರೆಂಟು ಬಿಟ್ಟರು. ನಮ್ಮ ತೋಟದ್ದು, ಪಕ್ಕದವರದು, ಅದರಾಚೆಯದು, ಒಂದರ ಹಿಂದೆ ಒಂದು ಮೋಟರು ಎದ್ದವು. ಬಲ್ಬು ಮಂಕಾಗಿ ಕೆಂಪಾಯಿತು. ಮಿಕ್ಸಿಯ ಕೂಗು ಇಳಿದು ಇಳಿದು ಗಂಡಸಿನ ದನಿಯಾಯಿತು.

ನಾನು ಮಿಕ್ಸಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತೆ.

ಮೂವತ್ತು ವರ್ಷದಿಂದ ಆ ಟೇಪ್‌ರೆಕಾರ್ಡರು ನಡೆದದ್ದೆಲ್ಲ ಈ ಹೊತ್ತಿನಲ್ಲೇ. ಊರಿನ ಮೋಟರುಗಳೆಲ್ಲ ಕರೆಂಟನ್ನು ಕುಡಿದು ಬಿಟ್ಟದ್ದರಲ್ಲಿ ಅದು ಹಾಡಬೇಕಿತ್ತು. ಜೊತೆಗೆ ಸೋತ ಬೆಲ್ಟು. ಆ ತಾಯಿ ಸರಿಯಾಗಿಯೇ ಹಾಡಿದ್ದಾಳೆ, ನಾವು ಅವಳನ್ನು ಎಳೆದೆಳೆದು ಕೇಳಿದ್ದೇವೆ. ಅತ್ತೆಯವರ ಗಂಭೀರ ದನಿಯ ಗಾಯಕಿ ನಮ್ಮ ತೆಂಗಿನ ತೋಟಗಳಲ್ಲಿ ಹುಟ್ಟಿದವಳು. ನಾನೂ ಒಲೆಯ ಮುಂದೆ ಗುನುಗುವುದು ಹಾಗೇ ಎಳೆದು. ನಮ್ಮ ಬೀದಿಯ ಭಜನೆಯ ಹೆಂಗಸರೆಲ್ಲ ಈ ಹಾಡು ಕಲಿತದ್ದು ಅತ್ತೆಯವರಿಂದ, ಅವರೆಲ್ಲರೂ ಎಳೆದೇ ಹಾಡುತ್ತಾರೆ. ಮನಸ್ಸಿನಲ್ಲೇ ಆ ಗಾಯಕಿಗೆ ತಪ್ಪಾಯಿತು ತಾಯಿ ಎಂದೆ.

ನಾದಿನಿ ಬಸ್ಸಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು. ಹೋಗಿ ಹೇಳಿದೆ. ಅವಳು ಅರ್ಧ ಜಡೆಯಲ್ಲೇ ಮಂಚದ ಮೇಲೆ ಕೂತು ನಕ್ಕಳು.

"ಹಾಡನ್ನ ನಿಧಾನ ಮಾಡೋಕೆ ಆ ಪ್ರೋಗ್ರಾಮಲ್ಲಿ ಏನಾರ ಐತಾ?" ಎಂದು ಕೇಳಿದೆ.

"ಐತೆ ಅತ್ತಿಗೆ. ಬಸ್ಸು ಹೋದ್ರೆ ಹೋಗ್ಲಿ, ಬುಡಿ. ಇನ್ನೊಂದಕ್ಕೆ ಹತ್ಕೋತೀನಿ, ಸ್ಕೂಲಿಗೆ ಅರ್ಧ ದಿನ ರಜ ಹೇಳ್ತೀನಿ."

ನಾನು ಪೆನ್‌ಡ್ರೈವಿನಲ್ಲಿದ್ದ ನಕಲನ್ನೇ ಒಳಗೆ ಹಾಕಲು ಹೋದೆ. ಅವಳು ಕೈ ಹಿಡಿದಳು. "ಅದಲ್ಲ, ಕೊಂಡಿದ್ದು ತಗೊಳ್ಳಿ. ಕೊಬ್ಬರಿನ ಇನ್ನೊಂದ್ಸಲ ಒಣಗ್ಸಬ್ಯಾಡಿ."

ವೇಗ ಎಂದು ಬರೆದ ಜಾಗದಲ್ಲಿ ನೂರು ಎಂದಿತ್ತು. ಎಷ್ಟಕ್ಕೆ ಇಳಿಸಬೇಕೆಂದು ನಮಗೇನು ಗೊತ್ತು. ಗೊತ್ತಿದ್ದದ್ದು ಒಬ್ಬರಿಗೇ. ಅತ್ತೆಯವರು ಹಿತ್ತಲಲ್ಲಿ ಕೊಬ್ಬರಿ ಚಿಪ್ಪು ಆಯುತ್ತ ಕೂತಿದ್ದರು. ಯಜಮಾನರು ಹೋಗಿ ಪಕ್ಕದಲ್ಲಿ ಕೂತು, "ಅವ್ವ, ಆ ಏಳನೇ ಹಾಡು ಹೆಂಗೆ ಬತ್ತದೆ, ಮರ್ತೇ ಹೋಯ್ತು" ಎಂದರು. ಅತ್ತೆಯವರು ಮುನಿಸಿನಲ್ಲಿದ್ದರೂ ದೇವರ ಹಾಡು ಕೇಳಿದರೆ ಇಲ್ಲವೆನ್ನುವವರಲ್ಲ. ಹಾಡಿದರು. ಕಿಟಕಿಯ ಈಚೆ ನಾವಿಬ್ಬರು ದನಿ ಸಣ್ಣಗೆ ಮಾಡಿ ತೊಂಬತ್ತೈದು ಇಟ್ಟು ನೋಡಿದೆವು, ಓಡುತ್ತಿತ್ತು. ಎಂಬತ್ತೈದು ಇಟ್ಟರೆ ಗಾಯಕಿಗೆ ನಿದ್ದೆ ಬಂದಂತಿತ್ತು. ಯಜಮಾನರು ಹಿತ್ತಲಿಂದ ಒಂದು ಕಿವಿಯನ್ನು ಕಿಟಕಿಯ ಕಡೆಗಿಟ್ಟು, ತಾಯಿಗೆ ಕಾಣದಂತೆ ಕೈಯಲ್ಲೇ ಏರಿಸು ಇಳಿಸು ಎಂದು ತೋರಿಸುತ್ತಿದ್ದರು. ಕಾಯಿ ಅಲ್ಲಾಡಿಸಿ ಕೇಳಿದ ಕಿವಿ ಕೊನೆಗೂ ಕೆಲಸಕ್ಕೆ ಬಂತು. ತೊಂಬತ್ತರಲ್ಲಿ ಒಳಗಿನ ದನಿ, ಹೊರಗಿನ ದನಿ ಒಂದರ ಮೇಲೊಂದು ಕೂತವು. ಅವರ ಕೈ ನಿಂತಿತು. ಹತ್ತೂ ಹಾಡನ್ನು ತೊಂಬತ್ತಕ್ಕೆ ಇಳಿಸಿ ಎಂಪಿತ್ರೀ ಮಾಡಿದೆ. ಈ ಸಲ ನಾದಿನಿ ಜಡೆ ಹಾಕಿಕೊಳ್ಳುತ್ತ ಬರೀ ನೋಡಿದಳು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಗುಂಡಿ ಒತ್ತಿದೆ. ಡಾಕ್ಟರಿಗೆ ಇನ್ನೂ ಫೋನು ಮಾಡಿರಲಿಲ್ಲ. ಅತ್ತೆಯವರು ದೇವರನ್ನು ತೊಳೆದರು, ಒರೆಸಿದರು, ಹೂವಿಟ್ಟರು. ಏಳನೆಯ ಹಾಡಿನ ಕೊನೆಯ ಸಾಲಿಗೆ ಸರಿಯಾಗಿ ಕಾಯಿ ಎರಡು ಹೋಳಾಯಿತು. ಹತ್ತನೆಯದು ಮುಗಿದ ಮೇಲೆ ಕಣ್ಣು ತೆರೆದರು.

"ಇವಳು ನಮ್ಮೋಳು" ಎಂದರು. "ನೆನ್ನೆ ಬಂದಿದ್ದೋಳು ಯಾರು?"

ಸುಳ್ಳು ಹೇಳಲು ದೇವರ ಮುಂದೆ ನಾಲಿಗೆ ಬರಲಿಲ್ಲ. ಮೋಟರು, ಬೆಲ್ಟು, ಮಿಕ್ಸಿ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನೆ ಕೇಳಿಸಿದ್ದೇ ಆಕೆ ಹಾಡಿದ ನಿಜವಾದ ಹಾಡು, ಇವತ್ತಿನದು ನಾನು ಎಳೆದದ್ದು ಎಂದೆ. ಕೇಳಿ ಅವರಿಗೆ ನೋವಾಗಬಹುದೆಂದು ಹೆದರಿದ್ದೆ.

ಅವರು ಅರಿಶಿನದ ಕೈಯನ್ನು ಒರೆಸಿಕೊಳ್ಳುತ್ತ ಅಂದರು, "ಅವಳು ಒಂದ್ಸಲ ಹಾಡಿ ಎದ್ದೋದ್ಲು. ಮೂವತ್ತು ವರ್ಷದಿಂದ ದಿನಾ ಕೇಳಿದೋಳು ನಾನು. ಯಾವ್ದು ಸರಿ ಅಂತ ಅವಳಿಗೇನ್ ಗೊತ್ತು? ಹೋಗು, ಕಾಫಿ ಇಡು. ಗುರುವಾರಕ್ಕೆ ಎಷ್ಟೊತ್ತಿಗೆ ಹೊರಡ್ಬೇಕಂತೆ?"

ಕಣ್ಣಿನ ಕೆಲಸ ಸಲೀಸಾಗಿ ಆಯಿತು. ಮರುದಿನದಿಂದ ನಡುಮನೆಯಲ್ಲಿ ಕುರ್ಚಿ, ಕಪ್ಪು ಕನ್ನಡಕ. ಒಳಗೆ ನಾನು, ದೇವರು ಮತ್ತು ಡಬ್ಬಿ. ಹಾಡು ಮೂರಕ್ಕೆ ಬಂದರೆ ಹೊರಗಿನಿಂದ "ಗಂಧ" ಎಂದು ದನಿ ಬರುತ್ತಿತ್ತು. ಆರಕ್ಕೆ "ಕಾಯಿಗೆ ಅರಿಶಿನ ಹಚ್ಚಿಕೋ, ಆಮೇಲೆ ಪರದಾಡಬ್ಯಾಡ". ಒಂದು ದಿನ ಐದನೆಯ ಹಾಡಿನಲ್ಲಿ ಹಾಲು ಉಕ್ಕುವ ವಾಸನೆ ಬಂದು, ಕಾಲ್ಬೆರಳಲ್ಲಿ ನಡೆದು ಅಡುಗೆ ಮನೆಗೆ ಹೋಗಿ ಬಂದೆ. "ಬಂದ್ಯೇನೇ?" ಎಂದರು. ಬಳೆ ಸದ್ದು ಕೇಳಿಸಿತಂತೆ. ಆದರೂ ಒಂದು ಮಾತು ಹೇಳಬೇಕು. ಹತ್ತು ಹಾಡು ಮುಗಿಯುವ ತನಕ ಒಂದೇ ಕಡೆ ಕೂತದ್ದು ನನ್ನ ಬಾಳಿನಲ್ಲಿ ಅದೇ ಮೊದಲು. ಹತ್ತನೆಯ ಹಾಡಿಗೆ ಕಣ್ಣುಮುಚ್ಚಿದರೆ ಮಂಡಿ ನೋವು ಕೂಡ ಸ್ವಲ್ಪ ದೂರ ಹೋಗಿ ಕೂರುತ್ತಿತ್ತು. ನಲವತ್ತು ನಿಮಿಷವೋ ಐವತ್ತೋ, ಯಾರೂ ನನ್ನನ್ನು ನೀರು ಕೊಡು ತಟ್ಟೆ ಕೊಡು ಎಂದು ಕರೆಯುವಂತಿಲ್ಲ. ಇದನ್ನು ಅತ್ತೆಯವರಿಗೆ ಹೇಳಿಲ್ಲ, ಹೇಳಿದರೆ ದಿನಾ ನನಗೇ ಬಿಟ್ಟಾರು.

ಡಾಕ್ಟರು ಇನ್ನು ಪರವಾಗಿಲ್ಲ ಎಂದ ಮರುಬೆಳಿಗ್ಗೆ ಅವರು ತಲೆಗೆ ಸ್ನಾನ ಮಾಡಿ ದೇವರ ಮನೆಯ ಹೊಸ್ತಿಲಲ್ಲಿ ನಿಂತರು. ನಾನು ಕಡ್ಡಿಪೆಟ್ಟಿಗೆ ಹಿಡಿದು ಕಾಯುತ್ತಿದ್ದೆ. ಅವರು ಕೈಚಾಚಿ ಅದನ್ನು ಇಸಿದುಕೊಂಡು, ಗೀರಿ, ಒಂದೇ ಸಲಕ್ಕೆ ಬತ್ತಿಗೆ ಮುಟ್ಟಿಸಿದರು. ನನ್ನ ಕಣ್ಣಲ್ಲಿ ನೀರು ಬಂತು.

ಅವರು ಮೊದಲು ಡಬ್ಬಿಯನ್ನು ನೋಡಿದರು. "ಇಷ್ಟೇನಾ ಇದು, ಸೋಪಿನ ಡಬ್ಬಿ ಇದ್ದಂಗೈತೆ." ಆಮೇಲೆ ತಲೆಯೆತ್ತಿ ಮೂಲೆಯನ್ನು ನೋಡಿದರು. "ಇಷ್ಟು ದಿನ ಈ ಜೇಡರ ಬಲೆ ಕೆಳ್ಗೆ ಕೂತು ಪೂಜೆ ಮಾಡ್ತಿದ್ಯಾ?" ತಂಬಿಗೆಯನ್ನು ಬೆಳಕಿಗೆ ಹಿಡಿದರು. "ಇದನ್ನ ಬೆಳಗಿದ್ದು ಯಾವಾಗ?" ಒಂದೊಂದನ್ನೇ ನೋಡುತ್ತ ಬಂದು ಕೊನೆಗೆ ನನ್ನ ಮುಖದ ಹತ್ತಿರ ಬಗ್ಗಿ, ಬೈತಲೆಯ ಪಕ್ಕದ ಕೂದಲನ್ನು ಬೆರಳಲ್ಲಿ ಸರಿಸಿದರು.

"ಇಷ್ಟೊಂದು ನರೆ ಯಾವಾಗ ಬಂತೇ ನಿಂಗೆ?"

"ಎರಡು ವರ್ಷ ಆಯ್ತು ಅತ್ತೆ."

ಅವರು ಆ ಕೂದಲನ್ನು ಕಿವಿಯ ಹಿಂದೆ ಸೇರಿಸಿ, ಡಬ್ಬಿಯ ಗುಂಡಿಯನ್ನು ತಾವೇ ಹುಡುಕಿ ಒತ್ತಿದರು. ಒಂದನೆಯ ಹಾಡು ನಿಧಾನವಾಗಿ ಶುರುವಾಯಿತು. ಅಷ್ಟರಲ್ಲಿ ತೋಟದ ಕಡೆ ಮೋಟರುಗಳು ಎದ್ದು, ದೇವರ ಮನೆಯ ಬಲ್ಬು ಕೆಂಪಾಯಿತು. ಹಾಡು ಮಾತ್ರ ಇದ್ದ ಹಾಗೇ ನಡೆಯಿತು.